90 ಡಿಗ್ರಿ ತಾಳುವ ಎಂಜೈಮನ್ನು 37 ಡಿಗ್ರಿಯ ಬ್ಯಾಕ್ಟೀರಿಯಾ ಹೇಗೆ ತಯಾರಿಸುತ್ತೆ?

ನಿಮ್ಮ ಪ್ರಶ್ನೆ ಇದು: "ಗಂಜಿ ಕರಗಿಸುವ ಎಂಜೈಮ್ 90 ಡಿಗ್ರಿಯಲ್ಲಿ ಕೆಲಸ ಮಾಡುತ್ತಂತೆ. ಅದನ್ನು ತಯಾರಿಸುವ ಬ್ಯಾಕ್ಟೀರಿಯಾ ಬೆಳೆಯೋದು 37 ಡಿಗ್ರಿಯಲ್ಲಂತೆ. ತಾನೇ ಬಿಸಿ ತಾಳದ್ದು ಬಿಸಿ ತಾಳುವ ವಸ್ತು ಹೇಗೆ ಮಾಡುತ್ತೆ? ನಮ್ಮದು ಗಂಗಾವತಿ. ನುಚ್ಚಕ್ಕಿ ಬೇಕಾದಷ್ಟು ಸಿಗುತ್ತೆ. ಇಂಥದ್ದೊಂದು ಸಣ್ಣ ಯೂನಿಟ್ ಹಾಕಬಹುದಾ?"

ನಾನು ಬಳ್ಳಾರಿಯವನು. ಬಯೋಟೆಕ್ನಾಲಜಿ ಓದಿ, ಆರು ವರ್ಷ ಒಂದು ಎಂಜೈಮ್ ಫ್ಯಾಕ್ಟರಿಯಲ್ಲಿ ಫರ್ಮೆಂಟರ್ (ಬ್ಯಾಕ್ಟೀರಿಯಾ ಬೆಳೆಸುವ ದೊಡ್ಡ ತೊಟ್ಟಿ) ಪಕ್ಕ ನೈಟ್ ಶಿಫ್ಟ್ ಮಾಡಿದ್ದೇನೆ. ಈಗ ಊರಲ್ಲಿ ಸೋದರಮಾವನ ಜೀನ್ಸ್ ವಾಷಿಂಗ್ ಯೂನಿಟ್ ನೋಡಿಕೊಳ್ಳುತ್ತೇನೆ. ಹಾಗಾಗಿ ಎಂಜೈಮ್ ಮಾಡುವವರ ಕಷ್ಟವೂ ಗೊತ್ತು, ಕೊಳ್ಳುವವರ ಬೈಗುಳವೂ ಗೊತ್ತು.

ಎಂಜೈಮ್ ಅಂದರೆ ಒಂದು ಪ್ರೋಟೀನ್. ಅಮೈನೋ ಆಮ್ಲಗಳ ಉದ್ದನೆಯ ಸರ ಮಡಚಿಕೊಂಡು ಒಂದು ಆಕಾರಕ್ಕೆ ಬಂದಿರುತ್ತೆ. ಆ ಆಕಾರ ಎಷ್ಟು ಬಿಸಿ ತಾಳುತ್ತೆ ಅನ್ನೋದು ಸರದಲ್ಲಿ ಯಾವ ಮಣಿಯ ಪಕ್ಕ ಯಾವ ಮಣಿ ಇದೆ ಅನ್ನೋದರ ಮೇಲೆ ನಿಂತಿದೆ. ಸರ ಪೋಣಿಸಿದವರು ಯಾರು ಅನ್ನೋದರ ಮೇಲಲ್ಲ. ಖಾರ ತಿನ್ನಲಾಗದ ಭಟ್ಟನೂ ಒಳ್ಳೆ ಮಿರ್ಚಿ ಭಜ್ಜಿ ಕರೀತಾನೆ, ಅಲ್ವಾ? ಬ್ಯಾಕ್ಟೀರಿಯಾದ ಕೆಲಸವೂ ಅಷ್ಟೇ. ಜೀನ್‌ನಲ್ಲಿ ಬರೆದಿರೋದನ್ನು ಓದಿಕೊಂಡು ಸರ ಪೋಣಿಸುತ್ತೆ.

ಹೆಚ್ಚಿನವರು ಬಿಸಿ ಎಂಜೈಮ್ ಅಂದ ಕೂಡಲೇ ಬಿಸಿನೀರಿನ ಬುಗ್ಗೆ ನೆನೆಸಿಕೊಳ್ಳುತ್ತಾರೆ. ಅದೂ ನಿಜವೇ. ಅಮೆರಿಕದ ಯೆಲ್ಲೋಸ್ಟೋನ್ ಬುಗ್ಗೆಗಳಿಂದ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ 1960ರ ದಶಕದಲ್ಲಿ ಹಿಡಿದು ತಂದ ಥರ್ಮಸ್ ಅಕ್ವಾಟಿಕಸ್ ಅನ್ನುವ ಬ್ಯಾಕ್ಟೀರಿಯಾದಿಂದಲೇ ಟ್ಯಾಕ್ ಪಾಲಿಮರೇಸ್ ಅನ್ನುವ, ಡಿಎನ್ಎ ನಕಲು ಮಾಡುವ ಎಂಜೈಮ್ ಬಂದಿದ್ದು. ಕೊರೋನಾ ಕಾಲದಲ್ಲಿ ನಮ್ಮೆಲ್ಲರ ಮೂಗಿಗೆ ಕಡ್ಡಿ ಹಾಕಿ ಮಾಡಿದ ಪಿಸಿಆರ್ ಟೆಸ್ಟ್‌ಗೆ ಬುನಾದಿ ಅದು. ಮೊದಮೊದಲು ಆ ಬುಗ್ಗೆಯ ಜೀವಿಯನ್ನೇ ಬೆಳೆಸಿ ಎಂಜೈಮ್ ತೆಗೀತಿದ್ದರು. ಆಮೇಲೆ ಅದರ ಜೀನನ್ನು ಇ. ಕೋಲಿಗೆ, ಅಂದರೆ ಲ್ಯಾಬಿನವರು 37 ಡಿಗ್ರಿಯಲ್ಲಿ ಬೆಳೆಸುವ ಮಾಮೂಲಿ ಬ್ಯಾಕ್ಟೀರಿಯಾಕ್ಕೆ ಹಾಕಿದರು. ಇ. ಕೋಲಿ ಬೇಗ ಬೆಳೆಯುತ್ತೆ, ಹೇಳಿದ ಮಾತು ಕೇಳುತ್ತೆ.

ಆದರೆ ನೀವು ಕೇಳಿದ ಗಂಜಿ ಎಂಜೈಮ್, ಆಲ್ಫಾ ಅಮೈಲೇಸ್, ಇದಕ್ಕಿಂತ ಮಜಾ ಇದೆ. ಅದರ ಹೆಸರಾಂತ ಮೂಲ ಬ್ಯಾಸಿಲಸ್ ಲೈಕೆನಿಫಾರ್ಮಿಸ್. ಇದು ಹೊಲದ ಮಣ್ಣಲ್ಲಿರುವ ಬ್ಯಾಕ್ಟೀರಿಯಾ. 90 ಡಿಗ್ರಿ ನೀರಲ್ಲಿ ಇದು ಬೆಳೆಯೋದೇ ಇಲ್ಲ. ಆದರೂ ಇದರ ಅಮೈಲೇಸ್ 90 ಡಿಗ್ರಿ ದಾಟಿದ ಮೇಲೂ ಆರಾಮಾಗಿ ದುಡಿಯುತ್ತೆ. ಒಳಗಿನ ಕೊಂಡಿಗಳು ಬಿಗಿ, ಜೊತೆಗೆ ಕ್ಯಾಲ್ಸಿಯಂ ಬಂದು ಮೊಳೆ ಹೊಡೆದ ಹಾಗೆ ಕೂತಿರುತ್ತೆ. ಈ ಕ್ಯಾಲ್ಸಿಯಂ ಮಾತು ನೆನಪಿಟ್ಟುಕೊಳ್ಳಿ, ನನ್ನ ಮರ್ಯಾದೆ ಹೋಗಿದ್ದು ಅದರಿಂದಲೇ.

ಈಗ ನಿಜವಾದ ಸೊಗಸಿಗೆ ಬರ್ತೀನಿ. ನೀವು ಗಿಣ್ಣು ಮಾಡೋದು ನೋಡಿರುತ್ತೀರಿ. ಈದ ಹಸುವಿನ ಮೊದಲ ಹಾಲನ್ನು ಬೆಲ್ಲ ಹಾಕಿ ಹಬೆಯಲ್ಲಿಟ್ಟರೆ ತಾನೇ ಗಟ್ಟಿಯಾಗುತ್ತೆ. ಮಾಮೂಲಿ ಹಾಲನ್ನು ಎಷ್ಟು ಕುದಿಸಿದರೂ ಹಾಗಾಗಲ್ಲ. ಎರಡೂ ಹಾಲೇ. ಆದರೆ ಗಿಣ್ಣು ಹಾಲಲ್ಲಿ ಕರುವಿಗೆ ರೋಗ ತಡೆಯುವ ಶಕ್ತಿ ಕೊಡುವ ಪ್ರೋಟೀನ್‌ಗಳು ಜಾಸ್ತಿ. ಅವು ಬಿಸಿಗೆ ಆಕಾರ ಕಳಕೊಂಡು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತವೆ. ಮಾಮೂಲಿ ಹಾಲಿನ ಮುಖ್ಯ ಪ್ರೋಟೀನ್ ಕೇಸೀನ್, ಅದು ಕುದಿಗೆ ಜಗ್ಗಲ್ಲ.

ಲ್ಯಾಬಿನಲ್ಲಿ ಮಾಡೋದು ಇದನ್ನೇ. ಇ. ಕೋಲಿ ಎಂಜೈಮನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತೆ. ಆ ಬ್ಯಾಕ್ಟೀರಿಯಾವನ್ನು ಒಡೆದರೆ ಸಾವಿರಾರು ಬಗೆಯ ಪ್ರೋಟೀನ್‌ಗಳ ಅಂಟಂಟು ರಸ ಬರುತ್ತೆ, ಅದರಲ್ಲಿ ನಮ್ಮದು ಒಂದು. ಬೇರೆ ಪ್ರೋಟೀನ್ ಆದರೆ ಬೇರ್ಪಡಿಸೋಕೆ ಪ್ರೋಟೀನ್ ಜರಡಿ ಹಿಡಿಯುವ ದುಬಾರಿ ಕಾಲಮ್‌ಗಳು ಬೇಕು. ಬಿಸಿ ತಾಳುವ ಎಂಜೈಮ್ ಆದರೆ ಆ ರಸವನ್ನು 70–75 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಸಾಕು. ಇ. ಕೋಲಿಯ ಸ್ವಂತ ಪ್ರೋಟೀನ್‌ಗಳಲ್ಲಿ ಬಹುಪಾಲು ಗಿಣ್ಣಿನ ಹಾಗೆ ಒಡೆದು ಬಿಳಿ ಗಡ್ಡೆಯಾಗುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಗಡ್ಡೆ ತಳಕ್ಕೆ ಇಳಿಯುತ್ತೆ, ಮೇಲಿನ ತಿಳಿಯಲ್ಲಿ ನಮ್ಮ ಎಂಜೈಮ್ ಉಳಿಯುತ್ತೆ. ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಹೊತ್ತು ಅದೇ. ಸಗಣಿ ಬಗ್ಗಡದಂಥ ರಸ ಕಣ್ಣೆದುರಿಗೇ ತಿಳಿಯಾಗುತ್ತೆ.

ನಾನು ಮೊದಲ ಸಲ ಮಾಡಿದಾಗ ತಿಳಿ ಬಂತು, ಎಂಜೈಮ್ ಮಾತ್ರ ಬರಲಿಲ್ಲ. ಗಂಜಿ ಬೆರೆಸಿದ ಪ್ಲೇಟಿಗೆ ಒಂದು ಹನಿ ಬಿಟ್ಟು, ಮೇಲೆ ಅಯೋಡಿನ್ ಹಾಕಿದೆ. ಎಂಜೈಮ್ ಇದ್ದ ಜಾಗದಲ್ಲಿ ಕಡುನೀಲಿ ಬಣ್ಣದ ನಡುವೆ ದುಂಡಗೆ ಬೆಳ್ಳಗೆ ಕಾಣಬೇಕು. ಪ್ಲೇಟ್ ಪೂರ್ತಿ ನೀಲಿ. ಮೂರು ದಿನ ಜೀನ್ ಸರಿ ಇದೆಯಾ, ಸೀಕ್ವೆನ್ಸ್ ಸರಿ ಇದೆಯಾ ಅಂತ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ರಸ ಕಲಸುವ ದ್ರಾವಣಕ್ಕೆ, ಅಂದರೆ ಬಫರ್‌ಗೆ ಈಡಿಟಿಎ ಅನ್ನುವ ರಾಸಾಯನಿಕ ಹಾಕಿದ್ದೆ. ಪ್ರೋಟೀನ್ ತಿನ್ನುವ ಎಂಜೈಮ್‌ಗಳನ್ನು ತಡೆಯಲಿ ಅಂತ ಅದನ್ನು ಹಾಕೋದು ನನ್ನ ಕೈಗೆ ಅಭ್ಯಾಸವಾಗಿತ್ತು. ಅದು ಕ್ಯಾಲ್ಸಿಯಂ ಕಂಡರೆ ಕಿತ್ತುಕೊಳ್ಳುತ್ತೆ. ಮೊಳೆ ಕಿತ್ತ ಮೇಲೆ ಕುದಿಸಿದರೆ ಕದ ನಿಲ್ಲುತ್ತಾ? ಮರುದಿನ ಈಡಿಟಿಎ ಬಿಟ್ಟು, ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದೆ. ಬೆಳ್ಳಗೆ ದುಂಡಗೆ ಬಂತು. (ನಮ್ಮ ವಾಷಿಂಗ್ ಯೂನಿಟ್‌ನ ಬೋರ್ ನೀರು ಗಡಸು, ಅಂದರೆ ಕ್ಯಾಲ್ಸಿಯಂ ಜಾಸ್ತಿ, ಪೈಪ್ ಎಲ್ಲಾ ಕಟ್ಟಿಕೊಳ್ಳುತ್ತೆ ಅಂತ ಮಾವ ದಿನಾ ಬೈತಾರೆ. ಅಮೈಲೇಸ್‌ಗೆ ಮಾತ್ರ ಆ ನೀರು ಹಬ್ಬ.)

ಉಳಿದ ತೊಂದರೆಗಳನ್ನು ಬೇಗ ಹೇಳಿಬಿಡ್ತೀನಿ. ಬುಗ್ಗೆ ಜೀವಿಗಳ ಜೀನ್‌ನಲ್ಲಿ ಇ. ಕೋಲಿ ಅಪರೂಪಕ್ಕೆ ಬಳಸುವ ಅಕ್ಷರಗಳು ಜಾಸ್ತಿ ಇರಬಹುದು, ಓದುತ್ತಾ ತಡವರಿಸುತ್ತೆ. ಅದಕ್ಕೇ ಈಗ ಜೀನನ್ನು ಅದರ ಭಾಷೆಗೆ ತಿದ್ದಿಯೇ ತಯಾರಿಸುತ್ತಾರೆ. ಇನ್ನೊಂದು, ಒಂದೇ ಸಲ ಜಾಸ್ತಿ ಮಾಡಿಸಿದರೆ ಸರಿಯಾಗಿ ಮಡಚಿಕೊಳ್ಳದೆ ಒಳಗೇ ಮುದ್ದೆಯಾಗುತ್ತೆ. ಆಗ ಬೆಳೆಸುವ ಬಿಸಿಯನ್ನು 20–25 ಡಿಗ್ರಿಗೆ ಇಳಿಸಿ ನಿಧಾನಕ್ಕೆ ಮಾಡಿಸಬೇಕು. ಬಿಸಿ ತಾಳುವ ವಸ್ತು ಬೇಕು ಅಂತ ಚಿಲ್ಲರ್ ಓಡಿಸೋದು, ಅದೂ ನಮ್ಮ ಏಪ್ರಿಲ್‌ನಲ್ಲಿ! ಇರೋ ಎಂಜೈಮನ್ನೇ ಇನ್ನಷ್ಟು ಗಟ್ಟಿ ಮಾಡೋದೂ ಉಂಟು. ಜೀನ್‌ನಲ್ಲಿ ಬೇಕಂತಲೇ ತಪ್ಪುಗಳನ್ನು ಮಾಡಿಸಿ, ಸಾವಿರಾರು ತಳಿಗಳನ್ನು ಪರೀಕ್ಷಿಸಿ, ಗೆದ್ದದ್ದನ್ನು ಮತ್ತೆ ಕೆಡಿಸಿ ಮತ್ತೆ ಆರಿಸುತ್ತಾರೆ. ಈ ದಾರಿಗೆ ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಆದರೆ ಒಂದು ಮಾತು. ಟನ್‌ಗಟ್ಟಲೆ ಬೇಕಾದ ಅಮೈಲೇಸನ್ನು ಫ್ಯಾಕ್ಟರಿಗಳು ಸಾಮಾನ್ಯವಾಗಿ ಇ. ಕೋಲಿಯಲ್ಲಿ ಮಾಡಲ್ಲ. ಬ್ಯಾಸಿಲಸ್ ಜಾತಿಯವೇ ಬೇಕು. ಅವು ಎಂಜೈಮನ್ನು ಹೊರಗಿನ ನೀರಿಗೇ ಬಿಡುತ್ತವೆ, ಹೊಟ್ಟೆ ಒಡೆಯುವ ಕೆಲಸ ಇಲ್ಲ. ಸೋಸಿ, ಗಟ್ಟಿ ಮಾಡಿ, ಕ್ಯಾನಿಗೆ ತುಂಬಿದರಾಯ್ತು.

ಜಾಸ್ತಿ ಬಿಸಿ ತಾಳಿದಷ್ಟೂ ಒಳ್ಳೇದು ಅಂತಲೂ ತಿಳೀಬೇಡಿ. ಜೀನ್ಸ್ ಬಟ್ಟೆಯ ಹಾಸು ನೂಲಿಗೆ ಹಚ್ಚಿದ ಗಂಜಿ ತೆಗೆಯೋಕೆ ಬಿಸಿ ಅಮೈಲೇಸ್ ಬೇಕು, ಸರಿ. ಆಮೇಲೆ ಬಣ್ಣ ಮಾಸಿದ ಹಾಗೆ ಕಾಣಿಸೋಕೆ ಹಾಕುವ ಸೆಲ್ಯುಲೇಸ್ ಇದೆಯಲ್ಲ, ಅದು ಹತ್ತಿಯನ್ನೇ ತಿನ್ನುತ್ತೆ. 50–55 ಡಿಗ್ರಿಯಲ್ಲಿ ಕೆಲಸ ಮುಗಿಸಿ, 80ಕ್ಕೆ ಏರಿಸಿಯೋ ಸೋಡಾ ಹಾಕಿಯೋ ಅದನ್ನು ಕೊಲ್ಲಲೇಬೇಕು. ಒಂದು ಸಲ ನಮ್ಮ ಹುಡುಗ ಅದನ್ನು ಮರೆತು, ಹಸಿ ಪ್ಯಾಂಟ್‌ಗಳನ್ನು ರಾತ್ರಿಯೆಲ್ಲಾ ಹಾಗೇ ಬಿಟ್ಟ. ಬೆಳಿಗ್ಗೆ ಮಾವ ಒಂದನ್ನು ಎತ್ತಿ ಜಗ್ಗಿದರು. "ಏನಪಾ, ಹೊಲಿಗೆ ಗಟ್ಟಿ ಐತೆ, ಬಟ್ಟೇನೇ ಹರಿತೈತಲ್ಲೋ!" ಕುದಿಸಿದರೂ ಸಾಯದ ಸೆಲ್ಯುಲೇಸ್ ಯಾರಾದರೂ ತಂದರೆ ನಾನಂತೂ ಕೊಳ್ಳಲ್ಲ.

ಇನ್ನು ನಿಮ್ಮ ಯೂನಿಟ್. ಎಂಜೈಮ್ ಮಾಡುವ ಯೂನಿಟ್ ಬೇಡ ಅಂತಲೇ ಹೇಳ್ತೀನಿ. ನುಚ್ಚು ಅಗ್ಗ ಅನ್ನೋದು ಇಲ್ಲಿ ದೊಡ್ಡ ಲಾಭವಲ್ಲ, ಖರ್ಚೆಲ್ಲಾ ಗಾಳಿ, ಕರೆಂಟು, ಶುದ್ಧತೆಯಲ್ಲಿದೆ. ತುಂಬಿ ಬೆಳೆದ ಫರ್ಮೆಂಟರ್‌ಗೆ ಗಾಳಿ ನಿಂತರೆ ಒಂದು ನಿಮಿಷದೊಳಗೆ ಆಮ್ಲಜನಕ ಸೊನ್ನೆ. ಒಂದು ರಾತ್ರಿ ಕರೆಂಟ್ ಹೋಗಿ, ಜನರೇಟರ್ ಹತ್ತುವಷ್ಟರಲ್ಲಿ ಮೀಟರ್ ಮುಳ್ಳು ಕೆಳಗೆ ಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಆ ಬ್ಯಾಚ್ ಮತ್ತೆ ಮೇಲೇಳಲಿಲ್ಲ. ಮೇಲಾಗಿ ಜೀನ್ ತಿದ್ದಿದ ಜೀವಿ ಬಳಸೋಕೆ ಕೇಂದ್ರ ಸರ್ಕಾರದ 1989ರ ನಿಯಮಗಳ ಪ್ರಕಾರ ಸಮಿತಿಗಳ ಅನುಮತಿ ಬೇಕು.

ಅದರ ಬದಲು ಎಂಜೈಮ್ ಕೊಂಡು ನುಚ್ಚಿನಿಂದ ಸಿರಪ್ ಮಾಡೋದನ್ನು ಯೋಚಿಸಿ. ಅಕ್ಕಿ ಹಿಟ್ಟಿನ ಗಟ್ಟಿ ಗಂಜಿಗೆ ಅಮೈಲೇಸ್ ಹಾಕಿ 105 ಡಿಗ್ರಿಯ ಹಬೆಯಲ್ಲಿ ಐದು ನಿಮಿಷ, ಆಮೇಲೆ 95ರಲ್ಲಿ ಒಂದೆರಡು ಗಂಟೆ. ನಂತರ 60ಕ್ಕೆ ಇಳಿಸಿ, ಹುಳಿ ಹೊಂದಿಸಿ, ಗ್ಲೂಕೋಅಮೈಲೇಸ್ ಅನ್ನುವ ಇನ್ನೊಂದು ಎಂಜೈಮ್ ಹಾಕಿದರೆ ಸಕ್ಕರೆ. ಫ್ಯಾಕ್ಟರಿಗಳಲ್ಲೂ ದಾರಿ ಇದೇ.

ದುಡ್ಡು ಹಾಕೋ ಮೊದಲು ಮನೆಯಲ್ಲೇ ನೋಡಿ. ಡೀಲರ್ ಹತ್ತಿರ ಬಿಸಿ ತಾಳುವ ಅಮೈಲೇಸ್ ಸ್ವಲ್ಪ ಸ್ಯಾಂಪಲ್ ಕೇಳಿ. ಒಂದು ಹಳೇ ಪಾತ್ರೆಯಲ್ಲಿ ನುಚ್ಚಿನ ಹಿಟ್ಟಿನ ಗಂಜಿ ಕಾಸಿ, ಸೌಟು ನಿಲ್ಲುವಷ್ಟು ಮಂದ ಆದ ಮೇಲೆ ಉರಿ ಸಣ್ಣ ಮಾಡಿ ಅರ್ಧ ಚಮಚ ಹಾಕಿ ತಿರುವಿ. ನೋಡ್ತಾ ನೋಡ್ತಾ ನೀರಾಗುತ್ತೆ. ಹತ್ತು ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು ಆರಿಸಿ ಅಯೋಡಿನ್ ಬಿಡಿ. ನೀಲಿ ಹೋಗಿ ಕೆಂಗಂದು ಬರುತ್ತೆ, ಆಮೇಲೆ ಅದೂ ಹೋಗುತ್ತೆ. ಪುಡಿ ಎಂಜೈಮ್ ಕೊಟ್ಟರೆ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಅದರ ಧೂಳಿಗೆ ಕೆಲವರಿಗೆ ಉಬ್ಬಸ ಬರುತ್ತೆ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.