ಕ್ಯಾನ್ಸರ್ ವಿರುದ್ಧ ಹಾರಾಟ

ಹಿಂದಿನ ಸಂಚಿಕೆಯಲ್ಲಿ ನಮ್ಮ ಪತ್ರಿಕೆಯ ಅಚ್ಚಿನ ತಪ್ಪು ತಿದ್ದುತ್ತಿದ್ದ, ಈಗ ತೀರಿಕೊಂಡಿರುವ ಪ್ರೂಫ್ ಅಕ್ಕನ ನೆನಪಿಗೆ ನಾನು ಬರೆದಿದ್ದ ಎರಡು ಪುಟ ಓದಿ ಓದುಗರೊಬ್ಬರು ಉದ್ದನೆಯ ಪತ್ರ ಕಳಿಸಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು:

"ಹನ್ನೊಂದು ವರ್ಷ ಕ್ಯಾನ್ಸರ್ ಜೊತೆ ಬದುಕಿದ ಹೆಣ್ಣುಮಗಳ ಬಗ್ಗೆ ಬರೆಯುತ್ತಾ ನೀವು ಅವರ ಜಗಳ, ಚೇಷ್ಟೆ, ಇಸ್ಪೀಟಿನ ಹುಚ್ಚು, ಅಚ್ಚಿನ ತಪ್ಪು ಕಂಡು ಬಿದ್ದುಬಿದ್ದು ನಗುತ್ತಿದ್ದದ್ದು, ಇವನ್ನೇ ಹೇಳಿದ್ದೀರಿ. ಮನೋಬಲದಿಂದ ರೋಗವನ್ನು ಹೇಗೆ ಮಣಿಸಿದರು ಅನ್ನುವುದು ಒಂದು ಸಾಲೂ ಇಲ್ಲ. ನನ್ನ ತಂಗಿಗೆ ಎರಡು ತಿಂಗಳ ಹಿಂದೆ ಸ್ತನ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ದಿನವಿಡೀ ಅಳುತ್ತಾಳೆ. ನಿಮ್ಮ ಲೇಖನ ಓದಿಸಿ, 'ನೋಡು, ಇವರು ನಗುನಗುತ್ತಾ ಹನ್ನೊಂದು ವರ್ಷ ಗೆದ್ದರು, ನೀನೂ ಹೋರಾಡು' ಅಂದೆ. ಅವಳು ಪತ್ರಿಕೆ ಮಡಚಿಟ್ಟು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ದಯವಿಟ್ಟು ಆ ಮನೋಬಲದ ಗುಟ್ಟೇನು ಅಂತ ಇನ್ನೊಂದು ಲೇಖನ ಬರೆಯಿರಿ. ನನ್ನ ತಂಗಿಯಂಥವರಿಗೆ ಸ್ಫೂರ್ತಿಯಾಗಲಿ."

ಪ್ರಿಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ತಂಗಿಯ ಹಾಸಿಗೆ ಪಕ್ಕ ಪತ್ರಿಕೆ ಹಿಡಿದು ಕೂತ ನಿಮ್ಮ ಪ್ರೀತಿ ದೊಡ್ಡದು. ಧೈರ್ಯ ಇರಬೇಕು ಅನ್ನುವ ನಿಮ್ಮ ಮಾತೂ ಸುಳ್ಳಲ್ಲ. ಧೈರ್ಯ ಇದ್ದರೆ ಚಿಕಿತ್ಸೆ ತಪ್ಪಿಸದೆ ಹೋಗಲು, ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಲು ಸುಲಭ. ಅಷ್ಟನ್ನು ಒಪ್ಪುತ್ತೇನೆ. ಆದರೆ ನೀವು ಕೇಳಿದ ಲೇಖನವನ್ನು ನಾನು ಬರೆಯುವುದಿಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಜಾಸ್ತಿಯೇ ಜಾಗ ಬೇಕು, ಬೇಸರಪಡದೆ ಓದಿ.

ಮೊದಲು ಅಕ್ಕನ ವಿಷಯ. ಅವರು ಹನ್ನೊಂದು ವರ್ಷ ಇದ್ದದ್ದು ನಗುವಿನ ದೆಸೆಯಿಂದ ಅಲ್ಲ. ಅವರ ಗೆಡ್ಡೆ ಈಸ್ಟ್ರೋಜನ್ ಹಾರ್ಮೋನಿನ ಬಲದಲ್ಲಿ ಬೆಳೆಯುವ ಜಾತಿಯದು. ಆ ಹಾರ್ಮೋನು ಗೆಡ್ಡೆಗೆ ದಕ್ಕದಂತೆ ಮಾಡುವ ಮಾತ್ರೆಗಳಿವೆ. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದ ಮೇಲೆ ಆ ಮಾತ್ರೆಯನ್ನು ಒಂದು ದಿನವೂ ಬಿಡದೆ ನುಂಗಿದರು. ಆರನೇ ವರ್ಷ ಬೆನ್ನುನೋವು ಅಂತ ತೋರಿಸಲು ಹೋದಾಗ ಮೂಳೆಗೆ ಹರಡಿರುವುದು ಗೊತ್ತಾಯಿತು. ಮಾತ್ರೆ ಬದಲಾಯಿಸಿದರು. ಇನ್ನೂ ಐದು ವರ್ಷ ಸಿಕ್ಕಿತು. ಇದೇ ಕಾಯಿಲೆ ಇನ್ನೊಂದು ಜಾತಿಯದಾಗಿದ್ದರೆ, ಇಷ್ಟೇ ನಗು ಇದ್ದೂ ಬೇಗ ಹೋಗಿಬಿಡುತ್ತಿದ್ದರೇನೋ.

ಇದನ್ನು ನನಗೆ ಹೇಳಿದವರು ಅವರೇ. ಕೀಮೋ ಕೊಡುವ ಕೋಣೆಯಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳಂತೆ. ಅಕ್ಕನಿಗಿಂತ ಜೋರಾಗಿ ನಗುತ್ತಿದ್ದಳಂತೆ. ಎಂಟು ತಿಂಗಳಲ್ಲಿ ಆ ಹುಡುಗಿ ತೀರಿಕೊಂಡಳು. "ಅವಳ ನಗು ಏನು ಕಡಿಮೆ ಇತ್ತಾ? ನನ್ನದು ಗೆದ್ದಿತು ಅಂದ್ರೆ ಅವಳದು ಸೋತಿತು ಅಂತಾಯ್ತಲ್ಲ" ಎಂದು ಕೇಳಿದ್ದರು. ಅವತ್ತು ಅವರು ನಗಲಿಲ್ಲ.

ಮನೋಬಲದಿಂದ ಆಯುಸ್ಸು ಹೆಚ್ಚುತ್ತದೆಯೇ ಅಂತ ನಾವು ಸುಮ್ನೆ ಊಹೆ ಮಾಡಬೇಕಾಗಿಲ್ಲ. ಪರೀಕ್ಷೆ ಮಾಡಿ ನೋಡಿದ್ದಾರೆ. 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು, ಸ್ತನ ಕ್ಯಾನ್ಸರ್ ಮೈಯಲ್ಲಿ ಹರಡಿದ್ದ 86 ಹೆಂಗಸರ ಅಧ್ಯಯನ ಪ್ರಕಟಿಸಿದರು. ವಾರಕ್ಕೊಮ್ಮೆ ಗುಂಪಾಗಿ ಕೂತು ಮಾತಾಡಿದವರು ಉಳಿದವರಿಗಿಂತ ಸರಾಸರಿ ಒಂದೂವರೆ ವರ್ಷ ಜಾಸ್ತಿ ಬದುಕಿದ್ದರು. ಎಲ್ಲರಿಗೂ ಹಿಗ್ಗೋ ಹಿಗ್ಗು. 2001ರಲ್ಲಿ ಕೆನಡಾದ ಪಮೇಲಾ ಗುಡ್‌ವಿನ್ ಮತ್ತು ಸಂಗಡಿಗರು 235 ಹೆಂಗಸರೊಡನೆ ಅದನ್ನೇ ಮತ್ತೆ ಮಾಡಿ ನೋಡಿದರು. ಆಯುಸ್ಸು ಹೆಚ್ಚಲಿಲ್ಲ. 2007ರಲ್ಲಿ ಸ್ಪೀಗೆಲ್ ಅವರೇ ಇನ್ನೊಮ್ಮೆ ಮಾಡಿದಾಗಲೂ ಒಟ್ಟಾರೆ ಹೆಚ್ಚಲಿಲ್ಲ. ಅವರು ಅದನ್ನು ಮುಚ್ಚಿಡದೆ ಪ್ರಕಟಿಸಿದರು, ಆ ಪ್ರಾಮಾಣಿಕತೆಗೆ ನನ್ನ ನಮಸ್ಕಾರ. ಅದೇ ವರ್ಷ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕೊಯ್ನ್ ಅವರ ತಂಡ ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 1,093 ಜನರ ಲೆಕ್ಕ ತೆಗೆದು ನೋಡಿತು. ಮನಸ್ಸು ಗೆಲುವಾಗಿದ್ದವರು, ಕುಗ್ಗಿದ್ದವರು ಅಂತ ಆಯುಸ್ಸಿನಲ್ಲಿ ಭೇದ ಸಿಗಲಿಲ್ಲ.

ಆದರೆ ಗುಡ್‌ವಿನ್ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಗುಂಪಿನಲ್ಲಿ ಕೂತವರಿಗೆ ನೋವೂ ಸಂಕಟವೂ ಕಡಿಮೆಯಾಗಿತ್ತು. ಅದರಲ್ಲೂ ಮೊದಲಿನಿಂದ ಜಾಸ್ತಿ ಸಂಕಟಪಡುತ್ತಿದ್ದವರಿಗೆ. ಇದೇನು ಸಣ್ಣ ಲಾಭವೇ? ಆ ಗುಂಪುಗಳಲ್ಲಿ ನಡೆಯುತ್ತಿದ್ದದ್ದು ನಗುವ ಅಭ್ಯಾಸ ಅಲ್ಲ ಅನ್ನುವುದನ್ನೂ ನೋಡಿ. ಸಾವಿನ ಭಯವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು, ಅಳು ಬಂದರೆ ಅಳುವುದು, ಇನ್ನೊಬ್ಬರು ಅದನ್ನು ಕೇಳಿಸಿಕೊಳ್ಳುವುದು. ನಿಮ್ಮ ತಂಗಿ ಈಗ ಮಾಡುತ್ತಿರುವುದರಲ್ಲಿ ಅರ್ಧ ಅದೇ. ಕೇಳಿಸಿಕೊಳ್ಳುವವರು ಇನ್ನೂ ಬಂದಿಲ್ಲ, ಅಷ್ಟೇ.

ಅಳುವವರ ಪರವಾಗಿ ಇನ್ನೂರು ವರ್ಷ ಹಿಂದಿನ ಒಬ್ಬರನ್ನು ಕರೆಯುತ್ತೇನೆ. ಫ್ಯಾನಿ ಬರ್ನಿ ಅಂತ, ಇಂಗ್ಲಿಷಿನ ಕಾದಂಬರಿಕಾರ್ತಿ. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್‌ನಲ್ಲಿ ಅವರ ಒಂದು ಸ್ತನ ತೆಗೆದರು. ಈಥರ್ ಅರಿವಳಿಕೆ ಬರಲು ಇನ್ನೂ ಮೂವತ್ತೈದು ವರ್ಷ ಬೇಕಿತ್ತು. ನೆಪೋಲಿಯನ್ನನ ಸೇನೆಯ ಹೆಸರಾಂತ ಸರ್ಜನ್ ಲಾರೇ ಅವರದೇ ಕೈ. ಕುಡಿಯಲು ಒಂದಿಷ್ಟು ಮದ್ಯ ಕೊಟ್ಟಿದ್ದು ಬಿಟ್ಟರೆ ಬೇರೇನೂ ಇಲ್ಲ. ಕೊಯ್ಯುವಾಗ ಉದ್ದಕ್ಕೂ ಕಿರುಚುತ್ತಲೇ ಇದ್ದೆ ಎಂದು ತಮ್ಮ ಅಕ್ಕನಿಗೆ ಪತ್ರ ಬರೆದರು. ಆ ಪತ್ರ ಮುಗಿಸಲು ತಿಂಗಳುಗಳೇ ಹಿಡಿದವು. ಬರೆದದ್ದನ್ನು ತಿರುಗಿ ಓದುವ ಧೈರ್ಯವೂ ಬರಲಿಲ್ಲ. ಹಾಗೆ ಕಿರುಚಿದ, ಹಾಗೆ ಹೆದರಿದ ಬರ್ನಿ ಆಮೇಲೆ 28 ವರ್ಷ ಬದುಕಿದರು. ತೀರಿಕೊಂಡಾಗ ವಯಸ್ಸು 87.

ಇನ್ನು 'ಹೋರಾಟ' ಅನ್ನುವ ಮಾತಿಗೆ ಬರುತ್ತೇನೆ. ಇದರ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ.

ಒಂದು ಸಲ ನಮ್ಮಲ್ಲಿ ಒಂದು ಆರೋಗ್ಯ ಲೇಖನ ಬಂದಿತ್ತು. ತಲೆಬರಹ 'ಕ್ಯಾನ್ಸರ್ ವಿರುದ್ಧ ಹೋರಾಟ'. ಡಿಟಿಪಿ ಮಾಡುವಾಗ ಒಂದು ಗುಣಿತ ತಪ್ಪಿ 'ಹಾರಾಟ' ಆಗಿತ್ತು. ಅಕ್ಕನ ಮೇಜಿನಿಂದ ಆ ಎಂದಿನ ನಗು ಕೇಳಿಸಿತು, ಗಂಟಲಲ್ಲಿ ಶುರುವಾಗಿ ಕೆಮ್ಮಿನಲ್ಲಿ ಮುಗಿಯುವ ನಗು. ಹೋಗಿ ನೋಡಿದೆ. ಕೆಂಪು ಪೆನ್ನಿನಲ್ಲಿ ಆ ಪದಕ್ಕೆ ಸುತ್ತು ಹಾಕಿ, ಅಂಚಿನಲ್ಲಿ 'ಇದೇ ಸರಿ ಇದೆ, ತಿದ್ದಲೇಬೇಕಾ?' ಅಂತ ಬರೆದಿದ್ದರು. ಅಕ್ಷರ ಡೊಂಕಾಗಿತ್ತು, ಎಡಗೈಯಲ್ಲಿ ಬರೆದದ್ದು. ಆಪರೇಷನ್ನಿನಲ್ಲಿ ಬಲಗಡೆ ಕಂಕುಳಿನ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದಿದ್ದರು. ಹಾಗೆ ತೆಗೆದಾಗ ಕೆಲವರಿಗೆ ಮೈಯ ದ್ರವ ಸರಿಯಾಗಿ ಹರಿಯದೆ ಕೈಯಲ್ಲೇ ನಿಂತು ಊದಿಕೊಳ್ಳುತ್ತದೆ. ಅವರ ಬಲಗೈ ಹೆಗಲಿನಿಂದ ಬೆರಳಿನವರೆಗೆ ಊದಿ ಬಿಗಿಯಾಗಿರುತ್ತಿತ್ತು, ಮೇಲೆ ಊತ ತಡೆಯಲು ಹಾಕುವ ಬಿಗಿ ತೋಳುಚೀಲ. ಬೆಳಿಗ್ಗೆ ಒಂದೆರಡು ಪುಟ ಬಲಗೈಲಿ ನೋಡಿ, ಕೈ ಭಾರವಾದ ಮೇಲೆ ಪೆನ್ನನ್ನು ಎಡಗೈಗೆ ದಾಟಿಸುತ್ತಿದ್ದರು. ಸಂಜೆಯ ಪ್ರೂಫಿನ ತಿದ್ದುಪಡಿಗಳೆಲ್ಲ ಒಂದನೇ ಕ್ಲಾಸಿನ ಮಗುವಿನ ಅಕ್ಷರದ ಹಾಗಿರುತ್ತಿದ್ದವು. ತಪ್ಪು ಮಾತ್ರ ಒಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಈ ಯುದ್ಧದ ಮಾತು ಯಾವಾಗಿನಿಂದ ಇಷ್ಟು ಬಲಿಯಿತು? 1971ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಒದಗಿಸುವ ಕಾಯಿದೆಗೆ ಸಹಿ ಹಾಕಿದರು. 'ಕ್ಯಾನ್ಸರ್ ಮೇಲಿನ ಯುದ್ಧ' ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಸರ್ಕಾರ ದುಡ್ಡು ಕೊಡಲಿ, ವಿಜ್ಞಾನಿಗಳು ಯುದ್ಧ ಮಾಡಲಿ, ನನ್ನ ತಕರಾರಿಲ್ಲ. ತಕರಾರು ಇರುವುದು ಆ ಯುದ್ಧವನ್ನು ಹಾಸಿಗೆಯಲ್ಲಿ ಮಲಗಿದವರ ಹೆಗಲಿಗೆ ಹೊರಿಸಿದ್ದಕ್ಕೆ. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1978ರಲ್ಲೇ ಇದನ್ನು ಹೇಳಿದ್ದರು. ರೋಗಕ್ಕೆ ಮನಸ್ಸೇ ಕಾರಣ, ಮನಸ್ಸೇ ಮದ್ದು ಅನ್ನುವ ಮಾತು ಕೊನೆಗೆ ರೋಗಿಯ ಮೇಲೆ ತಪ್ಪು ಹೊರಿಸುತ್ತದೆ ಅನ್ನುವುದು ಅವರ ವಾದದ ತಿರುಳು. ಯುದ್ಧ ಅಂದ ಮೇಲೆ ಸೋತವರು ಇರಲೇಬೇಕಲ್ಲ. ಸತ್ತವರೆಲ್ಲ ಸರಿಯಾಗಿ ಕಾದಾಡಲಿಲ್ಲ ಅಂತಾಗುತ್ತದೆ. ಅವರ ಮಕ್ಕಳು ಅದನ್ನು ಓದುತ್ತಾರೆ.

ನ್ಯಾಯವಾಗಿ ಇನ್ನೊಂದು ಮಗ್ಗುಲೂ ಹೇಳಬೇಕು. ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ ಯುದ್ಧದ ಮಾತೇ ಇಷ್ಟ. 1982ರಲ್ಲಿ ಅವರಿಗೆ ಹೊಟ್ಟೆಯ ಮೆಸೊಥೆಲಿಯೋಮಾ ಎಂಬ ಅಪರೂಪದ ಕ್ಯಾನ್ಸರ್ ಬಂತು. ಇದು ಬಂದವರಲ್ಲಿ ಅರ್ಧ ಜನ ಎಂಟು ತಿಂಗಳೊಳಗೆ ಹೋಗುತ್ತಾರೆ ಅಂತ ಪುಸ್ತಕದಲ್ಲಿತ್ತು. ಹಾಗಾದರೆ ಉಳಿದರ್ಧ ಜನ ಎಷ್ಟು ವರ್ಷ ಇರುತ್ತಾರೆ ಅಂತ ಅವರು ಲೆಕ್ಕ ಹಾಕಲು ಕೂತರು. ಇಪ್ಪತ್ತು ವರ್ಷ ಬದುಕಿದರು, 2002ರಲ್ಲಿ ಬೇರೆಯದೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಯುದ್ಧದ ಮಾತನ್ನು ಅವರೇ ಆರಿಸಿಕೊಂಡರು, ಒಪ್ಪಿದೆ. ಪಕ್ಕದಲ್ಲಿ ನಿಂತವರು ಕೈಗೆ ಕತ್ತಿ ಕೊಟ್ಟು 'ಏಳು' ಅನ್ನುವುದೇ ಬೇರೆ.

ಅಮೆರಿಕದ ಕವಯಿತ್ರಿ ಆಡ್ರೆ ಲಾರ್ಡ್ ಅವರಿಗೆ ಆದದ್ದು ಕೇಳಿ. 1978ರಲ್ಲಿ ಅವರ ಒಂದು ಸ್ತನ ತೆಗೆದರು. ಕೆಲವೇ ದಿನಕ್ಕೆ, ಕೃತಕ ಸ್ತನ ಇಟ್ಟುಕೊಳ್ಳದೆ, ಚೆಂದದ ಬಟ್ಟೆ ಹಾಕಿಕೊಂಡು ಡಾಕ್ಟರನ್ನು ನೋಡಲು ಹೋದರು. ಅಲ್ಲಿದ್ದ ನರ್ಸ್, ನೀವು ಹೀಗೆ ಬಂದರೆ ಇಲ್ಲಿ ಎಲ್ಲರ ಉತ್ಸಾಹ ಕುಗ್ಗುತ್ತದೆ ಅಂದಳು. ಕ್ಯಾನ್ಸರ್ ಡಾಕ್ಟರ ಕೋಣೆಯಲ್ಲೇ ಈ ಮಾತು! ಆ ಗೆಲುವಿನ ಮುಖ ಯಾರಿಗೋಸ್ಕರ ಬೇಕಾಗಿತ್ತು? ಲಾರ್ಡ್ ಅವರಿಗಂತೂ ಅಲ್ಲ. ಕ್ಷಮಿಸಿ, ನಿಮ್ಮನ್ನೂ ಅದನ್ನೇ ಕೇಳಬೇಕು. ತಂಗಿ ನಗಬೇಕು ಅಂತ ನೀವು ಬಯಸುವುದು ಅವಳಿಗಾಗಿಯೋ, ಅವಳ ಅಳು ನೋಡಲಾಗದ ನಿಮಗಾಗಿಯೋ? ಎರಡನೆಯದಾದರೂ ತಪ್ಪಲ್ಲ. ನೋಡಲಾಗುವುದಿಲ್ಲ, ನಿಜ. ಹಾಗಂತಲೇ ಅವಳಿಗೆ ಹೇಳಿ.

ಅಕ್ಕ ಯಾವಾಗ ನಗುತ್ತಿದ್ದರು, ಯಾವಾಗ ಇಲ್ಲ ಅನ್ನುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನೋವಿದ್ದಾಗ ನಗುತ್ತಿರಲಿಲ್ಲ. ಮೂಳೆಗೆ ಹರಡಿದ ಮೊದಲ ಆರು ತಿಂಗಳು ಅವರು ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ. ಮಾರ್ಫಿನ್ ಎಂಬ ಬಲವಾದ ನೋವಿನ ಮದ್ದು ಅಂದರೆ ಚಟ ಹತ್ತುತ್ತದೆ, ಮಾರ್ಫಿನ್ ಅಂದರೆ ಕೊನೆಗಾಲ ಅಂತ ಮನೆಯವರು ಹೆದರಿ ತಡೆದಿದ್ದರು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಹೇಗೆ ಔಷಧಿ ಕೊಡಬೇಕು ಅಂತ ಸರಳವಾಗಿ ಬರೆದು ಹಂಚಿದೆ. ಆದಷ್ಟೂ ಬಾಯಿಯ ಮೂಲಕ ಕೊಡಿ. ನೋವು ಏರುವವರೆಗೆ ಕಾಯದೆ ಗಡಿಯಾರ ನೋಡಿ ಕೊಡಿ. ಸಣ್ಣ ಮದ್ದು ಸಾಲದಿದ್ದರೆ ದೊಡ್ಡದಕ್ಕೆ ಹೋಗಿ. ಕೊನೆಗೆ ನೋವು, ಸಂಕಟ ತಗ್ಗಿಸುವ ಉಪಶಮನ ಚಿಕಿತ್ಸೆಯ (ಪ್ಯಾಲಿಯೇಟಿವ್ ಕೇರ್) ಡಾಕ್ಟರೊಬ್ಬರು ಮನೆಯವರನ್ನು ಕೂರಿಸಿ ಇದನ್ನು ಬಿಡಿಸಿ ಹೇಳಿದರು. ಎರಡು ವಾರ ಕಳೆದ ಮೇಲೆ ಅಕ್ಕ ಫೋನ್ ಮಾಡಿ, "ಈ ಸಂಚಿಕೆ ಪ್ರೂಫ್ ಯಾರು ನೋಡಿದ್ದು? ಏಳನೇ ಪುಟದಲ್ಲಿ ಸಚಿವರ ಭಾಷಣ ಭೀಷಣ ಆಗಿದೆ" ಅಂತ ಹತ್ತು ನಿಮಿಷ ನಕ್ಕರು. ನೀವು ಕೇಳಿದ ಗುಟ್ಟು ಇದ್ದರೆ ಅಲ್ಲಿದೆ, ಆ ಮದ್ದಿನ ಬಾಟಲಿಯಲ್ಲಿ.

ಉಪಶಮನ ಅಂದರೆ ಕೈಬಿಟ್ಟಂತೆ ಅಂತ ತಿಳಿದವರೇ ಜಾಸ್ತಿ. 2010ರಲ್ಲಿ ಅಮೆರಿಕದ ಜೆನಿಫರ್ ಟೆಮೆಲ್ ಮತ್ತು ಸಂಗಡಿಗರು, ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರಲ್ಲಿ ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಮೊದಲಿನಿಂದಲೇ ಉಪಶಮನ ಚಿಕಿತ್ಸೆಯನ್ನೂ ಕೊಡಿಸಿದರು. ಅವರ ದಿನಗಳು ಹೆಚ್ಚು ನೆಮ್ಮದಿಯಾಗಿದ್ದವು, ಖಿನ್ನತೆ ಕಡಿಮೆ ಇತ್ತು, ಉಳಿದರ್ಧ ಜನರಿಗಿಂತ ಎರಡೂವರೆ ತಿಂಗಳಿಗೂ ಜಾಸ್ತಿ ಬದುಕಿದರು. ನಿಮ್ಮ ತಂಗಿಯ ಡಾಕ್ಟರ ಹತ್ತಿರ ಇದನ್ನು ಕೇಳಿ. ದಿನವಿಡೀ ಅಳುತ್ತಾಳೆ ಅನ್ನುವುದನ್ನೂ ಹೇಳಿ, ನಿದ್ದೆ ಬರುತ್ತಾ ಅಂತ ವಿಚಾರಿಸಿ. ಎರಡು ತಿಂಗಳ ಅಳು ಬರೀ ದುಃಖ ಇರಬಹುದು, ಖಿನ್ನತೆಯೂ ಇರಬಹುದು. ಖಿನ್ನತೆಗೆ ಚಿಕಿತ್ಸೆ ಇದೆ. ಅದನ್ನು ಸ್ಫೂರ್ತಿಯ ಲೇಖನದಿಂದ ಗುಣಪಡಿಸಲು ಆಗುವುದಿಲ್ಲ.

ನಮ್ಮ ಪತ್ರಿಕೆಗಳ ಮೇಲೂ ನನ್ನ ಸಿಟ್ಟಿದೆ. ಯಾರಾದರೂ ತೀರಿಕೊಂಡರೆ ಅಚ್ಚು ಸಿದ್ಧ ಇರುತ್ತದೆ. ಕ್ಯಾನ್ಸರ್ ಆದರೆ 'ದಿಟ್ಟ ಹೋರಾಟ', 'ಛಲಗಾತಿ', ಕೊನೆಗೆ 'ತುಂಬಲಾರದ ನಷ್ಟ'. ಅಕ್ಕ ಪ್ರೂಫ್ ನೋಡುವಾಗ 'ತುಂಬಲಾರದ ನಷ್ಟ' ಸಿಕ್ಕಿದರೆ ಸಾಕು, ಅಂಚಿನಲ್ಲಿ 'ಯಾರಿಗೆ? ಏನು ನಷ್ಟ?' ಅಂತ ಕೇಳಿ ವಾಪಸ್ ಕಳಿಸುತ್ತಿದ್ದರು. ನಾನು ಸಿಡುಕುತ್ತಿದ್ದೆ. ಈಗ ಅವರ ಬಗ್ಗೆಯೇ ಬರೆಯಲು ಕೂತಾಗ ಆ ಪ್ರಶ್ನೆ ಎದುರಿಗೆ ನಿಂತಿತು. ಯಾರಿಗೆ? ಏನು? ಅದಕ್ಕೇ ಇಸ್ಪೀಟು ಬರೆದೆ, ಜಗಳ ಬರೆದೆ. ಎಲೆ ಕದ್ದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಬರೆದೆ. ನಷ್ಟವಾದದ್ದು ಅದು. ರೋಗಕ್ಕೆ ಅವರ ಮೈಯಲ್ಲಿ ಹನ್ನೊಂದು ವರ್ಷ ಜಾಗ ಸಿಕ್ಕಿತ್ತು. ಲೇಖನದಲ್ಲೂ ಜಾಗ ಕೊಡಲು ನನಗೆ ಮನಸ್ಸಾಗಲಿಲ್ಲ.

ನಿಮ್ಮ ಪತ್ರ ನಾಲ್ಕು ಪುಟ ಇದೆ. ಗೆಡ್ಡೆ ಎಷ್ಟು ದೊಡ್ಡದು, ಎಷ್ಟು ಕೀಮೋ ಆಯಿತು, ಯಾವ ರಿಪೋರ್ಟ್ ಬಾಕಿ, ಎಲ್ಲ ಬರೆದಿದ್ದೀರಿ. ಎರಡು ತಿಂಗಳ ಹಿಂದಿನವರೆಗೆ ನಿಮ್ಮ ತಂಗಿ ಏನು ಮಾಡಿಕೊಂಡಿದ್ದಳು, ಅವಳಿಗೆ ಯಾವುದರ ಹುಚ್ಚು, ಯಾರ ಜೊತೆ ಜಗಳ, ಏನು ಕಂಡರೆ ನಗು ತಡೆಯಲಾಗುತ್ತಿರಲಿಲ್ಲ ಅನ್ನುವುದು ಎಲ್ಲೂ ಇಲ್ಲ. ಅವಳನ್ನೇ ಕೇಳಿ, ಬರೆದು ಕಳಿಸಿ. ಅವಳು ಒಪ್ಪಿದರೆ ಅಚ್ಚು ಹಾಕುತ್ತೇನೆ.

– ಸಂ.