ಸಂಪಾದಕರ ಉತ್ತರ: ತಾಲ್ಲೂಕಿನ ಕೆಲಸ ಯಾರಿಗೆ?

ಮಾನ್ಯರೇ,

ಹಾವೇರಿ ಜಿಲ್ಲೆಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಹದಿನೆಂಟು ವರ್ಷಗಳಿಂದ ಮೋರಿ, ಚರಂಡಿ, ಶಾಲಾ ಕೊಠಡಿ ಕಟ್ಟಿಕೊಂಡು ಬಂದ ಸಣ್ಣ ಗುತ್ತಿಗೆದಾರರು ನೀವು. ಈಗ ತಾಲ್ಲೂಕಿನ ರಸ್ತೆ ಕೆಲಸವೆಲ್ಲ ಒಂದೇ ಪ್ಯಾಕೇಜಿನಲ್ಲಿ ಹೊರಗಿನ ಕಂಪನಿಯ ಪಾಲಾಗಿದೆ. ‘ತಾಲ್ಲೂಕಿನ ಕೆಲಸ ತಾಲ್ಲೂಕಿನವರಿಗೇ ಎಂದು ಕಾನೂನು ಮಾಡಿದರೆ ತಪ್ಪೇನು?’ ಎಂದು ಕೇಳಿದ್ದೀರಿ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಆ ಕಾನೂನಿಗೆ ನಾನು ಕೈ ಎತ್ತಲಾರೆ. ಮೊದಲನೆಯದಾಗಿ, ಅದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಛತ್ತೀಸ್‌ಗಢದಲ್ಲಿ ಶಾಲಾ ಮಕ್ಕಳ ಕ್ರೀಡಾ ಸಾಮಗ್ರಿಗೆ ಟೆಂಡರ್ ಕರೆದಾಗ, ಆ ರಾಜ್ಯದ ಸರ್ಕಾರಿ ಸಂಸ್ಥೆಗಳಿಗೇ ಹಿಂದೆ ಸರಬರಾಜು ಮಾಡಿದ್ದವರು ಮಾತ್ರ ಬರಬೇಕೆಂಬ ಷರತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಎರಡನೆಯದು ನಿಮಗೇ ಚೆನ್ನಾಗಿ ಗೊತ್ತು: ತಾಲ್ಲೂಕಿನಲ್ಲಿ ಬಿಡ್ ಹಾಕುವವರು ನಾಲ್ಕೈದೇ ಮಂದಿಯಾದರೆ, ‘ಈ ಸಲ ನಿನಗೆ, ಮುಂದಿನ ಸಲ ನನಗೆ’ ಎಂದು ಹಂಚಿಕೊಳ್ಳಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು.

ನಿಮ್ಮ ಕೈಯಿಂದ ಕೆಲಸ ಕಿತ್ತುಕೊಂಡದ್ದು ಪ್ಯಾಕೇಜ್. ತಲಾ 40 ಲಕ್ಷ ರೂಪಾಯಿಯ ಇಪ್ಪತ್ತೈದು ಕಾಮಗಾರಿಗಳನ್ನು ಸೇರಿಸಿ 10 ಕೋಟಿಯ ಒಂದೇ ಟೆಂಡರ್ ಕರೆದರೆ ಏನಾಗುತ್ತದೆ ನೋಡಿ. ವಾರ್ಷಿಕ ವಹಿವಾಟು, ಹಿಂದೆ ಮಾಡಿದ ಇದೇ ಬಗೆಯ ಕೆಲಸ, ಯಂತ್ರೋಪಕರಣ, ಠೇವಣಿ, ಎಲ್ಲದರ ಷರತ್ತೂ 10 ಕೋಟಿಯ ಲೆಕ್ಕಕ್ಕೆ ಏರುತ್ತದೆ. ದರ ನೋಡುವ ಮೊದಲು ಅರ್ಹತೆ ನೋಡುವ ತಾಂತ್ರಿಕ ಬಿಡ್‌ನಲ್ಲೇ ನೀವು ಹೊರಗೆ. ನಿಮ್ಮ ದರ ಎಷ್ಟು ಕಡಿಮೆ ಇತ್ತೆಂದು ಯಾರೂ ತೆರೆದು ನೋಡುವುದಿಲ್ಲ. ಸರ್ಕಾರಿ ಖರೀದಿ, ಕಾಮಗಾರಿಗಳ ಟೆಂಡರ್‌ಗೆ ನಿಯಮ ಹಾಕುವ ರಾಜ್ಯದ ಪಾರದರ್ಶಕತೆ ಕಾಯ್ದೆಗೆ (ಕೆಟಿಪಿಪಿ) 2017ರಲ್ಲಿ ಜಾರಿಗೆ ಬಂದ ತಿದ್ದುಪಡಿ 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇ 17.15, ಪಂಗಡದವರಿಗೆ ಶೇ 6.95ರವರೆಗೆ ಮೀಸಲಿಟ್ಟಿತು. 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. ಸಣ್ಣ ಕೆಲಸಗಳನ್ನು ಮೂಟೆ ಕಟ್ಟಿದ ದಿನ ಈ ಮೀಸಲಾತಿಯೂ ಮೂಟೆಯೊಳಗೆ ಸೇರಿ ಕಾಣೆಯಾಗುತ್ತದೆ. ಪ್ಯಾಕೇಜ್ ಪದ್ಧತಿ ಬೇಡವೆಂದು ರಾಜ್ಯ ಗುತ್ತಿಗೆದಾರರ ಸಂಘ ಹೇಳುತ್ತಲೇ ಬಂದಿರುವುದು ಸುಮ್ಮನೆ ಅಲ್ಲ.

ನಮ್ಮ ಕಚೇರಿಯ ಹಿಂದಿನ ಓಣಿಗೆ ಎರಡು ವರ್ಷದ ಹಿಂದೆ ಚರಂಡಿ ಆಯಿತು. ಫಲಕದಲ್ಲಿದ್ದದ್ದು ದೂರದ ಊರಿನ ಕಂಪನಿಯ ಹೆಸರು. ಕೆಲಸ ಮಾಡಿದವರು ಪಕ್ಕದ ಹಳ್ಳಿಯ ಒಬ್ಬ ಗಾರೆ ಮೇಸ್ತ್ರಿ ಮತ್ತು ಅವರ ಮೂವರು ಆಳುಗಳು, ಉಪಗುತ್ತಿಗೆಯವರಿಂದ ಉಪಗುತ್ತಿಗೆ ಪಡೆದು. ಮೊದಲ ಮಳೆಗೇ ಮೂರು ಚಪ್ಪಡಿ ಮುರಿದು ಒಂದು ಕರು ಒಳಗೆ ಬಿತ್ತು. ಕಂಪನಿಯ ಫೋನನ್ನು ಯಾರೂ ಎತ್ತಲಿಲ್ಲ. ಬಾಂಡಲಿ ಹಿಡಿದು ಬಂದವರು ಅದೇ ಮೇಸ್ತ್ರಿ. ‘ದಿನಾ ಇದೇ ಓಣಿಯಲ್ಲಿ ಓಡಾಡುವವನು ನಾನು, ಜನ ನನ್ನ ಮುಖ ನೋಡುತ್ತಾರೆ’ ಎಂದರು. ಸ್ಥಳೀಯರಿಗೆ ಕೆಲಸ ಸಿಗಬೇಕೆಂದು ನಾನು ಬಯಸುವುದು ಆ ಮಾತಿಗಾಗಿ. ಕೆಟ್ಟುಹೋದದ್ದನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ‘ದೋಷ ಹೊಣೆಗಾರಿಕೆಯ ಅವಧಿ’ ಎಂದು ಕರಾರಿನಲ್ಲಿ ಏನೇ ಬರೆದಿರಲಿ, ಕರೆದರೆ ಬರುವ ದೂರದಲ್ಲಿ ಮನುಷ್ಯ ಇರಬೇಕು.

ಆದ್ದರಿಂದ ನಮ್ಮ ಬೇಡಿಕೆ ಹೀಗಿರಲಿ: ಬೇರೆ ಬೇರೆ ಊರಿನ, ಒಂದಕ್ಕೊಂದು ಸಂಬಂಧವಿಲ್ಲದ ಕಾಮಗಾರಿಗಳನ್ನು ಒಟ್ಟುಗೂಡಿಸಬಾರದು. ಒಂದೊಂದಕ್ಕೂ ಬಹಿರಂಗ ಟೆಂಡರ್ ಆಗಲಿ, ಯಾರು ಬೇಕಾದರೂ ಬರಲಿ. ಜಲ್ಲಿ ಎಲ್ಲಿ ಅಗ್ಗ, ಆಳು ಯಾರು ಎಂದು ಬಲ್ಲ ನೀವು ಹೆದರಬೇಕಿಲ್ಲ. ಆದರೆ ಟೆಂಡರ್ ತಪ್ಪಿಸುವುದಕ್ಕೆಂದೇ ಒಂದು ರಸ್ತೆಯನ್ನು ತುಂಡು ತುಂಡು ಮಾಡಿ ಬೇಕಾದವರಿಗೆ ಹಂಚುವ ಹಳೆಯ ಚಾಳಿ ಇದರ ನೆಪದಲ್ಲಿ ಮರಳಿ ಬಂದರೆ, ಅದರ ವಿರುದ್ಧವೂ ಈ ಪತ್ರಿಕೆ ಬರೆಯುತ್ತದೆ.

ಪತ್ರದ ಕೊನೆಯಲ್ಲಿ, ಹದಿನಾಲ್ಕು ತಿಂಗಳಿಂದ ಬಿಲ್ಲು ಬಾಕಿ ಇದೆ, ಕೈಸಾಲಕ್ಕೆ ನೂರಕ್ಕೆ ಮೂರರಂತೆ ತಿಂಗಳ ಬಡ್ಡಿ ಕಟ್ಟುತ್ತಿದ್ದೇನೆ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು. ದೊಡ್ಡ ಕಂಪನಿ ಒಂದು ವರ್ಷ ಕಾಯಬಲ್ಲದು, ನೀವು ಕಾಯಲಾರಿರಿ. ಅಳತೆ ಪುಸ್ತಕದಲ್ಲಿ ದಾಖಲಾದ ಕೆಲಸಕ್ಕೆ ಗೊತ್ತಾದ ದಿನದೊಳಗೆ ಹಣ ಬಾರದಿದ್ದರೆ ಯಾವ ಮೀಸಲಾತಿಯೂ ನಿಮ್ಮನ್ನು ಉಳಿಸದು.

ಆ ಪ್ಯಾಕೇಜಿನ ಟೆಂಡರ್ ಪ್ರಕಟಣೆಯ ಪ್ರತಿಯನ್ನು ಕಳುಹಿಸಿಕೊಡಿ. ಅದರಲ್ಲಿ ಎಷ್ಟು ಕಾಮಗಾರಿಗಳಿವೆ, ಒಂದೊಂದರ ಅಂದಾಜು ಎಷ್ಟು, ಒಟ್ಟು ಸೇರಿಸಲು ಕೊಟ್ಟ ಕಾರಣವೇನು ಎಂದು ಕೇಳಿ ಮಾಹಿತಿ ಹಕ್ಕಿನಡಿ ನಾನೇ ಅರ್ಜಿ ಹಾಕುತ್ತೇನೆ. ಉತ್ತರ ಬಂದ ಕೂಡಲೇ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ