ಹಿಂಟರ್‌ಲ್ಯಾಂಡ್ಸ್ ಬಿಟ್ಟು ಮುಂದೆ ಹೋಗಿ
ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್ ವಿಡಿಯೋ ಗೇಮ್‌ನಲ್ಲಿ ಬರೀ ಹೊಡೆದಾಟ, ಗಿಡ ಕೀಳೋದು, ಕಥೆ ಎಲ್ಲಿ ಅಂತ ಕೇಳಿದ್ದೀರಿ. ಇನ್ನೂ ಮೊದಲ ದೊಡ್ಡ ಪ್ರದೇಶವಾದ ಹಿಂಟರ್‌ಲ್ಯಾಂಡ್ಸ್‌ನಲ್ಲೇ ಇದ್ದೀರಿ, ಅಲ್ವಾ? ಅಲ್ಲಿ ಮದರ್ ಜಿಸೆಲ್ ಅನ್ನೋ ಪಾತ್ರ ಸಿಕ್ಕಿದ ಮೇಲೆ ಹೊರಟುಬಿಡಿ. 2014ರಲ್ಲಿ ಆಟ ಬಂದಾಗ ಮಾಡಿದವರೇ ಹೀಗೆ ಹೇಳಿದ್ದರು! ತಪ್ಪು ನಿಮ್ಮದಲ್ಲ. ಮೊದಲ ಜಾಗದಲ್ಲೇ ಇಷ್ಟೊಂದು ಚಿಲ್ಲರೆ ಕೆಲಸ ತುಂಬಿದರೆ ಯಾರಿಗಾದರೂ ಕಥೆ ಮರೆತುಹೋಗುತ್ತದೆ.

ಮುಖ್ಯ ಕಥೆ ಮುಂದುವರಿಯಲು ಪವರ್ ಅನ್ನೋ ಅಂಕಗಳು ಬೇಕು. ಅದಕ್ಕೆ ಅಲ್ಲಲ್ಲಿ ತೆರೆದಿರುವ ಮಾಯಾ ಬಿರುಕುಗಳನ್ನು (ರಿಫ್ಟ್) ಮುಚ್ಚಿ, ಕ್ಯಾಂಪ್ ಹಾಕಿ, ಅಷ್ಟು ಸಾಕು. ಟಗರಿನ ಮಾಂಸ ಹೊತ್ತು ತರೋದೆಲ್ಲ ಸುಮ್ನೆ ಬಿಡಿ. ಅಲ್ಲಿನ ಡ್ರ್ಯಾಗನ್ ಹತ್ತಿರ ಈಗಲೇ ಹೋಗಬೇಡಿ, ಲೆವೆಲ್ ಸಾಲದು. ಮಾಂತ್ರಿಕರ ನೆರವೋ, ಅವರನ್ನು ಹತೋಟಿಯಲ್ಲಿಡುವ ಯೋಧರಾದ ಟೆಂಪ್ಲರ್‌ಗಳ ನೆರವೋ ಅಂತ ಆರಿಸಿಕೊಂಡ ಮೇಲೆ ನಿಮ್ಮ ನೆಲೆಯಾದ ಹೇವನ್‌ನಲ್ಲಿ ಕಥೆ ನಿಜಕ್ಕೂ ಓಡುತ್ತದೆ. ಅಲ್ಲಿವರೆಗೆ ಹೊಡೆದಾಟ ಜಾಸ್ತಿ ಅನಿಸಿದರೆ ಡಿಫಿಕಲ್ಟಿ ಇಳಿಸಿಕೊಳ್ಳಿ, ನಡುವೆಯೂ ಬದಲಾಯಿಸಬಹುದು.